ದೊಡ್ಡಪ್ಪನ ನೀಲಿ ಗೆರೆ

ನಮ್ಮ ದೊಡ್ಡಪ್ಪನನ್ನು ದಯವಿಟ್ಟು ಮನೆಗೆ ಕರೆಯಬೇಡಿ. ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಿದ್ದರಂತೂ ಖಂಡಿತ ಬೇಡ! ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬೇರೆಯವರು ವಾಕಿಂಗಿಗೆ ಕೊಡೆ ಹಿಡಿದು ಹೊರಟರೆ ಇವರು ನೀಲಿ ಪೇಂಟಿನ ಡಬ್ಬಿ, ಬ್ರಷ್ಷು, ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಹಿಡಿದು ಹೊರಡುತ್ತಾರೆ. ಆ ವರ್ಷದ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ಸರಿಯಾಗಿ ಒಂದು ಗೆರೆ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ, 'ಇಲ್ಲಿ ಎರಡು ಟೈಲರಿಂಗ್ ಮಿಷನ್', 'ಇಲ್ಲಿ ಬೋಂಡಾ ಅಂಗಡಿ' ಎಂದು ಕಳೆದುಹೋದದ್ದರ ಬರಹ ಬೇರೆ!

ಸಾದಲಿಯ ಹತ್ತಿರದ ನಮ್ಮೂರಿನ ಜಾಣತನ ಕೇಳಿ. ಆ ವರ್ಷ ಕೆರೆ ತುಂಬಿ ಕೋಡಿ ಹರಿಯಿತೆಂದು ಊರಿಗೆ ಊರೇ ಬಾಗಿನ ಹಿಡಿದು ಏರಿಯ ಮೇಲೆ ನಿಂತಿತ್ತು. ಕೋಡಿಯ ನೀರು ತನ್ನ ಹಳೆಯ ಕಾಲುವೆಯನ್ನು ಹುಡುಕಿತು. ಎಲ್ಲಿದೆ ಕಾಲುವೆ? ಅಭಿವೃದ್ಧಿ ಎಂದು ಅದರ ಮೇಲೆ ರಸ್ತೆ ಹಾಕಿದ್ದರಲ್ಲ! ನೀರು ನೇರವಾಗಿ ಕೆಳಗಿನ ಬೀದಿಗೆ ನುಗ್ಗಿತು. ನಾವು ಮೇಲೆ ಗಂಗಮ್ಮನಿಗೆ ಅರಿಶಿನ ಕುಂಕುಮ ಹಾಕುತ್ತಿದ್ದೆವು, ಅವಳು ಕೆಳಗೆ ನಮ್ಮ ಮನೆಗಳಿಗೇ ಬಂದಿದ್ದಳು.

ಅಂದಿನಿಂದ ಹಿಡಿಯಿತು ಈ ಗೆರೆಯ ಹುಚ್ಚು. ನನ್ನ ಸಂಬಂಧ ನೋಡಲು ಗೌರಿಬಿದನೂರಿಗೆ ಹೋದಾಗ ಎಲ್ಲರೂ ಒಳಗೆ ಕೇಸರಿಬಾತ್ ತಿನ್ನುತ್ತಿದ್ದರೆ ಇವರು ಹೊರಗೆ ಪೈಪು ಹಿಡಿದು ಕೂತಿದ್ದರು.

"ಮನೆ ತಗ್ಗಲ್ಲಿದೆ. ಹುಡುಗೀನ ಕೊಡಕ್ಕಾಗಲ್ಲ."

"ನಮ್ ಹುಡುಗ ಎತ್ತರವಾಗಿದಾನಲ್ಲ ಮೇಷ್ಟ್ರೇ!" ಎಂದರು ಹುಡುಗನ ತಾಯಿ.

"ಹುಡುಗ ಎತ್ತರ ಇದ್ರೆ ಏನ್ ಬಂತಮ್ಮ, ಅಡುಗೆಮನೆ ತಗ್ಗಲ್ಲಿದೆಯಲ್ಲ!"

ಮದುವೆ ಆಯಿತು ಅನ್ನಿ. ಅಡುಗೆಮನೆಯನ್ನು ಎರಡಡಿ ಎತ್ತರಿಸಿದ ಮೇಲೆ!

ನಗುತ್ತಿದ್ದೀರಾ? ನನಗೀಗ ನಗು ಬರುವುದಿಲ್ಲ, ಮೈಯೆಲ್ಲ ಉರಿಯುತ್ತದೆ. ನಾನು ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಮಳೆಹಾನಿಯ ಫಾರಂ ಟೈಪ್ ಮಾಡಿದವಳು ನಾನೇ. ಗೋಡೆ ಬಿದ್ದಿದೆಯೇ? ಹಸು ಸತ್ತಿದೆಯೇ? ಅಷ್ಟೇ, ಮುಗಿಯಿತು. ದೊಡ್ಡಮ್ಮ ರೇಷ್ಮೆಹುಳು ಸಾಕುವ ಹುಳುಮನೆಯ ಗೋಡೆ ಬೀಳಲಿಲ್ಲ, ಆದ್ದರಿಂದ ದೊಡ್ಡಮ್ಮನಿಗೆ ಏನೂ ಆಗಲಿಲ್ಲ! ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಿದ್ದ ಹುಳುಗಳು ತಟ್ಟೆಗಳ ಸಮೇತ ನೀರುಪಾಲಾದವು. ಅವುಗಳಿಗೆ ಸೊಪ್ಪು ಹಾಕಲು ಬರುತ್ತಿದ್ದ ಮೂವರು ಹೆಂಗಸರು ಈಗ ಬೆಳಗಾಗುತ್ತಲೇ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವರಿಲ್ಲದೆ ಬೋಂಡಾ ಅಂಗಡಿಯವನು ಬಾಗಿಲು ಹಾಕಿದ. ನಮ್ಮೂರ ಗೂಡನ್ನೇ ಕಾಯುತ್ತಿದ್ದ ಶಿಡ್ಲಘಟ್ಟದ ನೂಲು ತೆಗೆಯುವವನು ಬೇರೆ ಊರು ನೋಡಿಕೊಂಡ. ಇದಕ್ಕೆಲ್ಲ ಫಾರಂನಲ್ಲಿ ಕಾಲಂ ಎಲ್ಲಿದೆ? ರಸ್ತೆಯ ನಕ್ಷೆಯಲ್ಲಿ ಅಷ್ಟುದ್ದ ಗೆರೆ ಎಳೆಯುವ ಕೈಗೆ ಈ ನಷ್ಟ ಬರೆಯಲು ಏನು ಬಂದಿತ್ತು ರೋಗ?

ಹೋದ ವರ್ಷ ಅದೇ ತಗ್ಗಿನಲ್ಲಿ ಚಾಕಿ ಕೇಂದ್ರಕ್ಕೆ ಗುದ್ದಲಿ ಪೂಜೆ ಇಟ್ಟರು. ಮರಿಹುಳು ಸಾಕಿ ಸುತ್ತಲ ಊರುಗಳಿಗೆಲ್ಲ ಹಂಚುವ ಕಟ್ಟಡ ಅದು. ಅಲ್ಲಿಗೆ ನೀರು ನುಗ್ಗಿದರೆ ಹತ್ತು ಊರಿನ ಬೆಳೆ ಒಂದೇ ದಿನಕ್ಕೆ ಖಲಾಸ್! ದೊಡ್ಡಪ್ಪ ಮೊದಲ ಸಾಲಿನಲ್ಲಿ ಮೇಜು ಹಾಕಿಸಿ, ಮೇಜಿನ ಮೇಲೆ ಕುರ್ಚಿ ಇಡಿಸಿ, ಶಾಲು ಹೊದ್ದು ಹತ್ತಿ ಕೂತರು.

"ಏಮಿ ಮೇಷ್ಟ್ರೇ ಇದಿ? ಕೆಳಗಿಳೀರಿ," ಎಂದ ಕಂಟ್ರಾಕ್ಟರು.

"ಮಂಡಿ ನೋವಪ್ಪ. ನೀರು ಬಂದಾಗ ಹತ್ತಕ್ಕಾಗಲ್ಲ. ಅದಕ್ಕೇ ಈಗ್ಲೇ ಹತ್ ಬಿಟ್ಟೆ."

"ಇಷ್ಟು ಬಿಸಿಲಲ್ಲಿ ಎಲ್ಲಿಯ ನೀರು ರೀ?" ಎಂದರು ಪ್ಲಾನು ಮಾಡಿದ ಸಾಹೇಬರು.

ದೊಡ್ಡಪ್ಪ ಪಕ್ಕದ ಗೋಡೆಯ ನೀಲಿ ಗೆರೆ ತೋರಿಸಿದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಛೆ, ಎಷ್ಟು ಅಸಹ್ಯವಾಗಿದೆ! ಮೊದಲು ಅದಕ್ಕೆ ಸುಣ್ಣ ಹೊಡಿಸ್ರೀ."

ಹೊಡೆಸಿದರು. ಕಟ್ಟಡವನ್ನೂ ಕಟ್ಟಿದರು, ಅದೇ ತಗ್ಗಿನಲ್ಲಿ! ಆ ಪ್ಲಾನಿನ ಪತ್ರಗಳನ್ನು ಟೈಪ್ ಮಾಡಿದವಳೂ ನಾನೇ. ಬಾಯಿ ಮುಚ್ಚಿಕೊಂಡು ಮಾಡಿದೆ. ಆ ಸಿಟ್ಟು ನನಗೆ ನನ್ನ ಮೇಲೂ ಇದೆ.

ಕಳೆದ ಭಾನುವಾರ ಊರಿಗೆ ಹೋದಾಗ ಆ ಸಿಟ್ಟನ್ನು ದೊಡ್ಡಪ್ಪನ ಮೇಲೆ ತೀರಿಸಿಕೊಂಡೆ. "ಊರವರ ಗೋಡೆಯೆಲ್ಲ ಕೆಡಿಸಿದ್ರಲ್ಲ, ನಿಮ್ಮ ಹುಳುಮನೆಗೆ ಯಾಕೆ ಎಳೆದಿಲ್ಲ? ನಿಮ್ಮ ಗೋಡೆ ಮಾತ್ರ ಚೆನ್ನಾಗಿರ್ಬೇಕಾ?"

ಅವರು ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿ ಹೇಳಿದರು: "ಅಲ್ಲಿ ಎಳೆದ್ರೆ ನಿಮ್ ದೊಡ್ಡಮ್ಮ ದಿನಾ ನೋಡ್ಬೇಕಾಗುತ್ತೆ ಕಣಮ್ಮ."

ಅಷ್ಟರಲ್ಲಿ ದೊಡ್ಡಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಆ ನೀಲಿ ಡಬ್ಬಿ. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಎಳೀರಿ," ಎಂದರು.

"ಬೇಡ ಬಿಡೇ."

"ಎಳೀರಿ ಅಂದೆ. ತಟ್ಟೆ ಇಡೋ ಸ್ಟ್ಯಾಂಡು ಆ ಗೆರೆ ಮೇಲಿಂದ ಶುರುವಾಗ್ಬೇಕು. ಚಿಂತಾಮಣಿ ಕಡೆಯಿಂದ ಮರಿಹುಳು ತರಕ್ಕೆ ಹೇಳಿದೀನಿ. ಆ ತಗ್ಗಿನ ಕಟ್ಟಡದ್ದು ನಂಗೆ ಬೇಡ."

ಇಷ್ಟು ವರ್ಷಗಳಲ್ಲಿ ದೊಡ್ಡಪ್ಪನ ಗೆರೆಯನ್ನು ನೋಡಿ ಒಬ್ಬರಾದರೂ ಪ್ಲಾನು ಮಾಡಿದ್ದು ಅದೇ ಮೊದಲು. ದೊಡ್ಡಮ್ಮ ಪೈಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಜೀವಮಾನವಿಡೀ ಕರಿಹಲಗೆಯ ಮೇಲೆ ಸ್ಕೇಲಿಲ್ಲದೆ ನೇರ ಗೆರೆ ಎಳೆದವರು ಈ ಗೆರೆಯನ್ನು ಗೋಡೆ ನೋಡದೆ, ದೊಡ್ಡಮ್ಮನನ್ನೇ ನೋಡುತ್ತ ಎಳೆದರು.

ಊರಲ್ಲಿರುವ ಅಷ್ಟೂ ಗೆರೆಗಳಲ್ಲಿ ಅದೊಂದೇ ಸೊಟ್ಟಗಿದೆ. ದೊಡ್ಡಪ್ಪ ಅದನ್ನು ತಿದ್ದಲಿಲ್ಲ.