ಅಮ್ಮನ ನಲವತ್ತು ಎಕರೆ ಗೋಧಿ ನುಂಗಿದ ಪೆಟ್ಟಿಗೆಯವರಿಗೆ

ಇವರಿಗೆ:
ಶ್ರೀಯುತ ನೆಟ್‌ವರ್ಕ್ ಡ್ರೈವ್ ಪೆಟ್ಟಿಗೆಯವರು,
ರೇಷ್ಮೆ ಹುಳುಮನೆ, ಬಾಗಿಲ ಪಕ್ಕದ ಗೂಡು,
ನಮ್ಮ ತೋಟ, ಶಿಡ್ಲಘಟ್ಟ ತಾಲ್ಲೂಕು.

ಮಾನ್ಯರೇ,

ಎರಡು ಹಾರ್ಡ್ ಡಿಸ್ಕುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಾಲ್ಕು ಹಸಿರು ದೀಪಗಳನ್ನು ಹಣೆಯ ಮೇಲೆ ಮಿನುಗಿಸುತ್ತಾ, ಕರೆದರೆ ಓ ಎನ್ನಲು ಮುಕ್ಕಾಲು ಗಂಟೆ ತೆಗೆದುಕೊಳ್ಳುವ ತಮ್ಮ ಗಾಂಭೀರ್ಯಕ್ಕೆ ನಮ್ಮ ಮನೆಯ ನಾಲ್ವರ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ತಾವು ಆರೋಗ್ಯವಾಗಿರುವಿರೆಂದು ಕಿಟಕಿಯ ಜಾಲರಿಯಿಂದ ಇಣುಕಿ ನೋಡಿ ತಿಳಿದು ಸಂತೋಷಪಟ್ಟೆ. ಇದನ್ನು ಒಳಗೆ ಬಂದು ತಮ್ಮ ಕಿವಿಯಲ್ಲೇ ಹೇಳಬಹುದಿತ್ತು, ಆದರೆ ಹುಳುಮನೆಗೆ ಕಾಲಿಡಬೇಕಾದರೆ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆಯಬೇಕು, ಸುಣ್ಣದ ಪುಡಿ ತುಳಿಯಬೇಕು, ಅಮ್ಮನ ಅಪ್ಪಣೆ ಪಡೆಯಬೇಕು. ಅಮ್ಮನ ಅಪ್ಪಣೆ ಸದ್ಯಕ್ಕೆ ನನಗೆ ಸಿಗುವಂತಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆದು ಹುಳುಮನೆಯ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ವಿಷಯ ಇಷ್ಟೇ. ನನ್ನ ತಾಯಿ ಶ್ರೀಮತಿ ವೆಂಕಟರತ್ನಮ್ಮನವರು ಎರಡು ವರ್ಷ ಉತ್ತು, ಬಿತ್ತಿ, ಕೊಯ್ಲು ಮಾಡಿದ ನಲವತ್ತು ಎಕರೆ ಗೋಧಿಯನ್ನು ತಾವು ಕಳೆದ ಸೋಮವಾರ ಸಂಜೆ ಒಂದು ಕಾಳೂ ಉಳಿಸದಂತೆ ನುಂಗಿದ್ದೀರಿ. ನಮ್ಮ ಕಡೆ ರಾಗಿ, ಹಿಪ್ಪುನೇರಳೆ, ಟೊಮೆಟೊ ಬಿಟ್ಟು ಗೋಧಿ ಎಲ್ಲಿಂದ ಬಂತು ಎಂದು ಬಾಗಿಲಲ್ಲಿ ನಿಂತು ಓದುವವರು ಹುಬ್ಬೇರಿಸುವುದು ಬೇಡ. ಅದು ಕಂಪ್ಯೂಟರ್ ಗೇಮಿನ ಹೊಲ. ಆದರೆ ಅದಕ್ಕೆ ಅಮ್ಮ ಸುರಿಸಿದ ಬೆವರು ನಿಜವಾದದ್ದು, ಸೆಕೆಗಾಲದಲ್ಲಿ ಫ್ಯಾನು ಕೂಡ ಹಾಕಿಕೊಳ್ಳದೆ ಆಡುತ್ತಿದ್ದರು.

ಅಮ್ಮ ಈ ಆಟಕ್ಕೆ ಬಿದ್ದದ್ದು ಹೇಗೆಂದು ತಮಗೆ ತಿಳಿಯದಿರಬಹುದು. ನಮ್ಮ ತಂದೆ ಮುನಿಶಾಮಪ್ಪನವರು ಟ್ರ್ಯಾಕ್ಟರ್ ತಂದು ಹನ್ನೊಂದು ವರ್ಷವಾಯಿತು. ಪ್ರತಿ ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚುವುದು, ಚಕ್ರದಡಿ ನಿಂಬೆಹಣ್ಣು ಇಡುವುದು, ನೆಂಟರ ಮದುವೆಗೆ ಹೋಗುವಾಗ ಮಡ್‌ಗಾರ್ಡಿನ ಮೇಲೆ ಸೆರಗು ಬಿಗಿದು ಕೂರುವುದು, ಇಷ್ಟು ಅಧಿಕಾರಗಳನ್ನು ಅಪ್ಪ ಅಮ್ಮನಿಗೆ ಧಾರಾಳವಾಗಿ ಕೊಟ್ಟಿದ್ದಾರೆ. ಸ್ಟೇರಿಂಗ್ ಮಾತ್ರ ಕೊಟ್ಟಿಲ್ಲ. ಅಮ್ಮ ಮೂರು ಸಲ ಕೇಳಿದರು, ಮೂರು ಸಲವೂ ಹೆಂಗಸರ ಕಾಲಿಗೆ ಕ್ಲಚ್ ಎಟುಕುವುದಿಲ್ಲವೆಂದು ಅಪ್ಪ ನಕ್ಕರು. ನಾಲ್ಕನೇ ಸಲ ಕೇಳಲಿಲ್ಲ. ನಾನು ಕಾರ್ ರೇಸಿನ ಗೇಮಿಗೆಂದು ತಂದಿದ್ದ ಸ್ಟೇರಿಂಗನ್ನೂ ಮೂರು ಪೆಡಲನ್ನೂ ನನ್ನ ಹೆಂಡತಿ ಹರಿತಾ ಒಂದು ಭಾನುವಾರ ಅಮ್ಮನ ಕಾಲ ಬುಡಕ್ಕೆ ಇಟ್ಟು, ಬೇಸಾಯದ ಗೇಮೊಂದನ್ನು ಹಾಕಿಕೊಟ್ಟಳು. ಅಂದಿನಿಂದ ನಾನು ರೇಸ್ ಆಡಿದ್ದಿಲ್ಲ.

ಇಲ್ಲಿ ತಮ್ಮ ಆಗಮನದ ಪ್ರಸಂಗ. ಕಂಪ್ಯೂಟರಿನ ಹೊಟ್ಟೆ ತುಂಬಿಹೋಗಿತ್ತು, ಲ್ಯಾಪ್‌ಟಾಪಿನದೂ ತುಂಬಿತ್ತು, ಗೇಮುಗಳೋ ಒಂದೊಂದೂ ಒಂದೊಂದು ಸಂಸಾರದಷ್ಟು ಜಾಗ ಕೇಳುತ್ತಿದ್ದವು. ಶಿಡ್ಲಘಟ್ಟದ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿರುವ ಹರಿತಾ, ಕಂಪ್ಯೂಟರಿನೊಳಗೇ ಇನ್ನೊಂದು ಡಿಸ್ಕ್ ಹಾಕಿಸಿದರೆ ಆಯಿತಲ್ಲ ಎಂದಳು. ಚಿಂತಾಮಣಿಯಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುತ್ತಿರುವ ನಾನು ಅಷ್ಟು ಸಣ್ಣ ಮಾತಿಗೆ ಒಪ್ಪುವುದುಂಟೆ? ಗೇಮುಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿರಬೇಕು, ಮನೆಯ ಯಾವ ಮೂಲೆಯಿಂದ ಕರೆದರೂ ಜಾಲದ ಮೇಲೆ ಓಡಿ ಬರಬೇಕು, ಅದೇ ಮುಂದುವರಿದವರ ಪದ್ಧತಿ ಎಂದು ದನದ ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಅವಳಿಗೆ ಅರ್ಧ ಗಂಟೆ ವಿವರಿಸಿದೆ. ಆ ಚಿತ್ರ ಇನ್ನೂ ಅಳಿಸಿಲ್ಲ. ಅಳಿಸಲು ಹರಿತಾ ಬಿಡುತ್ತಿಲ್ಲ.

ತಮ್ಮನ್ನು ಹುಳುಮನೆಯಲ್ಲಿ ಪ್ರತಿಷ್ಠಾಪಿಸಿದ್ದಕ್ಕೆ ಕಾರಣವಿತ್ತು. ನಮ್ಮ ತೋಟದಲ್ಲಿ ಕರೆಂಟು ಹೋದರೂ ಬ್ಯಾಟರಿಯ ಮೇಲೆ ದೀಪ ಉರಿಯುವ ಜಾಗ ಅದೊಂದೇ. ಮನೆಯಿಂದ ಅಲ್ಲಿಗೆ ಅರವತ್ತು ಹೆಜ್ಜೆ. ನಮ್ಮ ಸಂಸ್ಥೆಯವರು ಕೆಲಸಕ್ಕೆ ಬಾರದೆಂದು ಮೂಲೆಗೆ ಎಸೆದಿದ್ದ ಹಳೆಯ ಕೇಬಲನ್ನು ತಂದು, ಕೊಟ್ಟಿಗೆಯ ಸೂರಿನ ಮೇಲೆ ಹಾಯಿಸಿ, ನುಗ್ಗೆಮರಕ್ಕೆ ಒಂದು ಸುತ್ತು ಸುತ್ತಿ ತಮ್ಮ ಪಾದಕ್ಕೆ ಮುಟ್ಟಿಸಿದೆ. ಆ ಕೇಬಲಿನಲ್ಲಿ ಗೇಮು ಬರುವ ವೇಗವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಅಮ್ಮ ಗೇಮಿನ ಚಿತ್ರದ ಮೇಲೆ ಒತ್ತಿ, ಹಸುವಿನ ಹಾಲು ಕರೆದು, ಅನ್ನಕ್ಕೆ ಇಟ್ಟು, ಸಾರಿಗೆ ಒಗ್ಗರಣೆ ಹಾಕಿ ಬಂದು ಕೂರುವ ಹೊತ್ತಿಗೆ ತಾವು ಟ್ರ್ಯಾಕ್ಟರಿನ ಮುಂದಿನ ಎರಡು ಚಕ್ರಗಳನ್ನು ಕಳಿಸಿಕೊಟ್ಟಿರುತ್ತಿದ್ದಿರಿ. ಹೊಲದ ಒಂದು ಬದು ಕಾಣುತ್ತಿತ್ತು, ಇನ್ನೊಂದು ಬದು ದಾರಿಯಲ್ಲಿರುತ್ತಿತ್ತು. ಕೆಲವು ಗೇಮುಗಳಂತೂ ಬಿಗುಮಾನದವು, ಜಾಲದ ಡ್ರೈವಿನಲ್ಲಿ ನಾವು ಇರುವುದೇ ಇಲ್ಲ ಎಂದು ಹಟ ಹಿಡಿದವು. ಅವುಗಳಿಗೆ ತಮ್ಮನ್ನು ಕಂಪ್ಯೂಟರಿನ ಸ್ವಂತ ಡಿಸ್ಕೆಂದು ಸುಳ್ಳು ಹೇಳಿ ನಂಬಿಸಲು ನಾನು ಎರಡು ಭಾನುವಾರ ಕಳೆದೆ. ಇಷ್ಟರ ಮೇಲೆ ತಾವು ಆಗಾಗ ಮುನಿಸಿಕೊಂಡು ನಿಂತುಬಿಡುತ್ತಿದ್ದಿರಿ. ಆಗೆಲ್ಲ ನಾನು ಕೈಕಾಲು ತೊಳೆದು ಬಂದು ತಮ್ಮ ಗುಂಡಿ ಒತ್ತಬೇಕಿತ್ತು. ಒಮ್ಮೆ ಮುಖಕ್ಕೆ ಪೌಡರ್ ಹಾಕಿದ್ದೆನೆಂದು ಅಮ್ಮ ಬಾಗಿಲಲ್ಲೇ ತಡೆದರು, ವಾಸನೆ ಹುಳುವಿಗೆ ಆಗುವುದಿಲ್ಲವಂತೆ. ತಮ್ಮ ಒಂದು ಗುಂಡಿಗಾಗಿ ಕೆಲಸಕ್ಕೆ ಹೊರಟಿದ್ದವನು ಎರಡನೇ ಸ್ನಾನ ಮಾಡಿದೆ.

ಇದೆಲ್ಲವನ್ನೂ ನಾನು ಸಹಿಸಿದೆ. ಸಹಿಸಿದ್ದಲ್ಲದೆ ಇನ್ನೊಂದು ಘನಕಾರ್ಯವನ್ನೂ ಮಾಡಿದೆ. ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೇವೆಂಬುದನ್ನು ಬರೆದಿಡುವ ಸೇವ್ ಕಡತ ಮನೆಯ ಕಂಪ್ಯೂಟರಿನಲ್ಲೇ ಇತ್ತು. ಅದನ್ನೂ ಭದ್ರವಾಗಿರಲೆಂದು ತಮ್ಮ ಹೊಟ್ಟೆಗೇ ಸಾಗಿಸಿದೆ. ಒಂದು ನಕಲು ಇಲ್ಲೂ ಇರಲಿ ಎಂದು ಹರಿತಾ ಹೇಳಿದಳು. ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇವೆ, ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುತ್ತದೆ, ನಿನಗೆ ಗೊತ್ತಾಗುವುದಿಲ್ಲ ಸುಮ್ಮನಿರು ಎಂದೆ. ಸುಮ್ಮನಾದಳು. ಅವಳು ಸುಮ್ಮನಾದಾಗಲೇ ನನಗೆ ಭಯವಾಗಬೇಕಿತ್ತು.

ಈಗ ಸೋಮವಾರದ ಸಂಜೆಗೆ ಬರೋಣ. ಅಂದು ಅಮ್ಮ ನಲವತ್ತನೆಯ ಎಕರೆಯ ಕೊನೆಯ ಸಾಲು ಕೊಯ್ದರು. ಖುಷಿಗೆ ಹರಿತಾಳನ್ನು ಕೂಗಿ ತೋರಿಸಿದರು, ಅಪ್ಪನನ್ನೂ ಕೂಗಿದರು, ಅಪ್ಪ ಬರಲಿಲ್ಲ. ಸೇವ್ ಒತ್ತಿದರು. ಸೇವ್ ಆಗಲು ಎಷ್ಟು ಹೊತ್ತು ಬೇಕೆಂದು ಅಮ್ಮನಿಗೆ ಅಭ್ಯಾಸವಾಗಿತ್ತು. ಅಷ್ಟರಲ್ಲಿ ಹುಳು ನೋಡಿಕೊಂಡು ಬರೋಣವೆಂದು ಹುಳುಮನೆಗೆ ನಡೆದರು. ಅಲ್ಲಿ ನೋಡಿದರೆ ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ನಾಲ್ಕನೇ ಜ್ವರಕ್ಕೆ ಕೂತಿವೆ. ರೇಷ್ಮೆ ಸಾಕುವವರಿಗೆ ಹೇಳಬೇಕಾಗಿಲ್ಲ, ಪೊರೆ ಕಳಚಲು ಹುಳು ಜ್ವರಕ್ಕೆ ಕೂತಾಗ ಮೇವಿಲ್ಲ, ಅಲುಗಾಟವಿಲ್ಲ, ನಮ್ಮ ಅಮ್ಮನ ಕಾಯಿದೆಯ ಪ್ರಕಾರ ಸದ್ದೂ ಇಲ್ಲ. ಹುಳುಮನೆಯೆಲ್ಲ ನಿಶ್ಶಬ್ದ. ತಾವೊಬ್ಬರೇ ಬಾಗಿಲ ಪಕ್ಕ ಗುಂಯ್ ಎನ್ನುತ್ತಾ ನಾಲ್ಕೂ ದೀಪಗಳನ್ನು ಪಟಪಟನೆ ಹೊಡೆಯುತ್ತಾ ಕೂತಿದ್ದಿರಿ. ಅಮ್ಮ ತಮ್ಮ ವೈರು ಕಿತ್ತರು.

ತಾವು ಆಗ ಪಟಪಟನೆ ಬರೆಯುತ್ತಿದ್ದದ್ದು ಅಮ್ಮನ ಗೋಧಿಯನ್ನೇ. ಅರ್ಧ ಬರೆದ ಕಡತ ಅಲ್ಲೇ ಸತ್ತಿತು. ಮೇಲಾಗಿ ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು, ಒಂದು ಡಿಸ್ಕಿನಲ್ಲಿ ಕೆಟ್ಟದ್ದನ್ನು ಎರಡನೆಯದಕ್ಕೂ ಒಂದಕ್ಷರ ಬಿಡದೆ ನಕಲು ಮಾಡಿಟ್ಟಿರಿ. ಜ್ವರ ಏಳುವವರೆಗೆ ನನ್ನನ್ನು ಒಳಗೆ ಬಿಡಲಿಲ್ಲ. ಬುಧವಾರ ಬೆಳಿಗ್ಗೆ ಹುಳು ಎದ್ದ ಮೇಲೆ ವೈರು ಚುಚ್ಚಿ, ಅಮ್ಮನನ್ನು ಕೂರಿಸಿ, ಗೇಮು ತೆರೆದೆ. ಬೋಳು ಹೊಲ, ಮೊದಲ ದಿನ ಕೊಡುವ ಸಣ್ಣ ಟ್ರ್ಯಾಕ್ಟರು. ಏನಾಯಿತೆಂದು ಅಮ್ಮ ಕೇಳಿದಾಗ, ಗೋಧಿ ಹುಳುಮನೆಯ ಪೆಟ್ಟಿಗೆಯಲ್ಲಿತ್ತು, ವೈರು ಕಿತ್ತಾಗ ಹೋಯಿತು ಎಂದು ಹೇಳಲೇಬೇಕಾಯಿತು.

"ಗೋಧಿ ಇರೋದು ಮನೇಲಲ್ವೇನಪ್ಪ? ನಾನು ಇಲ್ಲೇ ಕೂತ್ಕೊಂಡು ಕೊಯ್ದಿದ್ದು" ಎಂದರು.

ಮಾನ್ಯರೇ, ಅಮ್ಮನ ತವರು ಆಂಧ್ರದ ಗಡಿಗೆ ಹತ್ತಿರ, ಸಿಟ್ಟು ಬಂದರೆ ಬೈಗುಳಕ್ಕೆ ತೆಲುಗಿಗೆ ತಿರುಗುತ್ತಾರೆ, ನಾನು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇನೆ. ಅಂದು ತೆಲುಗು ಬರಲಿಲ್ಲ. ಸ್ಟೇರಿಂಗಿನ ಮೇಲಿಂದ ಕೈ ತೆಗೆದು, ಅದರ ಮೇಲೆ ಟವೆಲ್ ಹೊದಿಸಿ ಎದ್ದುಹೋದರು. ಗೋಧಿ ಯಾವ ಪೆಟ್ಟಿಗೆಯಲ್ಲಿದೆ ಎಂದು ಎರಡು ವರ್ಷದಲ್ಲಿ ಒಂದು ದಿನವೂ ನಾನು ಅವರಿಗೆ ಹೇಳಿರಲಿಲ್ಲ. ಊರಿಗೆಲ್ಲ ಪಾಠ ಹೇಳುವವನು ಹೆತ್ತವಳಿಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ನನಗೆ ಬಹಳ ನಾಚಿಕೆಯಾಯಿತು. ಹರಿತಾ ನನ್ನನ್ನು ಬೈಯಲಿಲ್ಲ, ಕೊಟ್ಟಿಗೆಯ ಗೋಡೆಯ ಕಡೆ ಒಮ್ಮೆ ನೋಡಿದಳು ಅಷ್ಟೇ.

ಜ್ವರ ಎದ್ದ ಹುಳುವಿನ ಹಸಿವು ಕೇಳಬೇಡಿ, ಬಕಾಸುರನ ವಂಶ. ಕೂಡಲೇ ಸೊಪ್ಪು ಬೇಕು. ಕೂಲಿಯವರು ಆಗಲೇ ಹಿಪ್ಪುನೇರಳೆ ತೋಟದಲ್ಲಿ ಕಡ್ಡಿ ಕೊಯ್ದು ಹೊರೆ ಕಟ್ಟಿದ್ದರು. ಟ್ರ್ಯಾಕ್ಟರ್ ತರಬೇಕಾದ ಅಪ್ಪ ತೊಟ್ಟಿಯ ಹತ್ತಿರ ಕನ್ನಡಿ ಒರಗಿಸಿಕೊಂಡು, ಮುಖದ ತುಂಬ ನೊರೆ ಬಳಿದುಕೊಂಡು, ನಿಧಾನವಾಗಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ಅಮ್ಮ ಎರಡು ಸಲ ಕರೆದರು. ಬಂದೆ ಬಂದೆ ಎಂದ ಅಪ್ಪ ಬ್ಲೇಡು ಬದಲಾಯಿಸಲು ಕೂತರು.

ಅಮ್ಮ ಮೊಳೆಯಿಂದ ಕೀ ತೆಗೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮಡ್‌ಗಾರ್ಡಿನ ಕಡೆ ನೋಡಲೂ ಇಲ್ಲ, ನೆಟ್ಟಗೆ ಹತ್ತಿ ಸೀಟಿನಲ್ಲಿ ಕೂತರು. ಕ್ಲಚ್ ತುಳಿದರು, ಎಟುಕಿತು. ಗೇರು ಹಾಕಿ, ಟ್ರೈಲರ್ ಸಮೇತ ಕೊಟ್ಟಿಗೆಯನ್ನು ಬಳಸಿ, ನುಗ್ಗೆಮರಕ್ಕೆ ತಗುಲದಂತೆ ತಿರುಗಿಸಿ ತೋಟದ ದಾರಿ ಹಿಡಿದರು. ಅಪ್ಪ ಅರ್ಧ ಮುಖದ ನೊರೆಯಲ್ಲೇ ಅಂಗಳದ ಮಧ್ಯೆ ಬಂದು ನಿಂತರು. ನಾನೂ ಹರಿತಾಳೂ ಹುಳುಮನೆಯ ಹತ್ತಿರಕ್ಕೆ ಓಡಿದೆವು. ಅಮ್ಮ ಸೊಪ್ಪು ತುಂಬಿಕೊಂಡು ಬಂದು, ಟ್ರೈಲರನ್ನು ಹಿಮ್ಮುಖವಾಗಿ ಹುಳುಮನೆಯ ಬಾಗಿಲಿಗೇ ತಂದು ನಿಲ್ಲಿಸಿದರು. ಅಪ್ಪನಿಗೂ ಅದು ಎರಡು ಮೂರು ಪ್ರಯತ್ನವಿಲ್ಲದೆ ಆಗುವುದಿಲ್ಲ. ಇಳಿದು ನನ್ನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು.

"ಇದು ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತದೆ ಕಣಪ್ಪ."

ನನ್ನ ಕಣ್ಣು ಒದ್ದೆಯಾಯಿತು. ಸುಣ್ಣದ ಪುಡಿ ಬಿತ್ತೆಂದು ಹರಿತಾಳಿಗೆ ಹೇಳಿದೆ, ಅವಳು ನಂಬಿದಂತೆ ಮಾಡಿದಳು.

ಆದ್ದರಿಂದ ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ, ನುಂಗಿದ ಗೋಧಿಯನ್ನು ತೆನೆ ಸಮೇತ ಕಕ್ಕಬೇಕು. ಅದು ಆಗದಿದ್ದರೆ ತಾವೂ ನಾಲ್ಕು ಜ್ವರಕ್ಕೆ ಕೂತು, ಪೊರೆ ಕಳಚಿ, ಸ್ವಲ್ಪ ಚುರುಕಾಗಿ ಏಳಬೇಕು. ಅದೂ ಆಗದಿದ್ದರೆ, ಇಡೀ ವ್ಯವಹಾರದಲ್ಲಿ ಮುರಳಿಮೋಹನನೆಂಬ ನನ್ನದು ಒಂದಾದರೂ ತೀರ್ಮಾನ ಸರಿಯಿತ್ತೆಂದು ಹರಿತಾಳ ಮುಂದೆ ಸಾಕ್ಷಿ ನುಡಿಯಬೇಕು, ಅದು ಯಾವ ತೀರ್ಮಾನವೆಂದು ತಾವೇ ಹುಡುಕಿಕೊಳ್ಳಬೇಕು. ಕಂಪ್ಯೂಟರಿನೊಳಗೆ ಹಾಕಲು ಅವಳು ಚಿಂತಾಮಣಿಯಿಂದ ತರಿಸಿರುವ ಹೊಸ ಡಿಸ್ಕ್ ಮೇಜಿನ ಮೇಲಿದೆ. ಸ್ಕ್ರೂ ಬಿಚ್ಚುವ ಕೆಲಸವನ್ನು ಮಾತ್ರ ನನಗೆ ವಹಿಸಿದ್ದಾಳೆ.

ಸುಣ್ಣ ತುಳಿದ ಕಾಲಲ್ಲಿ, ಕಿಟಕಿಯಾಚೆ ನಿಂತ
ತಮ್ಮ ವಿಶ್ವಾಸಿ,
ಮುರಳಿಮೋಹನ್

ತಾ.ಕ.: ಪತ್ರ ಅಂಟಿಸಲು ಹೊರಟಾಗ ನೋಡಿದರೆ, ಅಪ್ಪ ಕಂಪ್ಯೂಟರಿನ ಮುಂದೆ ಕೂತು, ಸ್ಟೇರಿಂಗಿನ ಮೇಲಿನ ಟವೆಲ್ ಮಡಚಿಟ್ಟು, ಇದರಲ್ಲಿ ಟ್ರೈಲರ್ ಹಿಂದಕ್ಕೆ ಬಿಡುವುದು ಹೇಗೆಂದು ಹರಿತಾಳನ್ನು ಮೆಲ್ಲಗೆ ಕೇಳುತ್ತಿದ್ದರು. ಗೇಮು ತೆರೆಯಲು ತಮಗೆ ಹೇಳಿಕಳಿಸಿದ್ದಾರಂತೆ, ಕಾಯುತ್ತಿದ್ದಾರೆ. ಹೊಸ ಡಿಸ್ಕನ್ನು ನಾನು ಸದ್ಯಕ್ಕೆ ಬೀರುವಿನಲ್ಲಿಟ್ಟಿದ್ದೇನೆ. ಮೇಲೆ ಬರೆದ ದೂರುಗಳನ್ನೆಲ್ಲ ದಯವಿಟ್ಟು ಇಂದೊಂದು ದಿನ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ತಮ್ಮ ಎಂದಿನ ವೇಗದಲ್ಲೇ ಬನ್ನಿ. ಕೆಳಗಿನ ಹೊಲದಲ್ಲಿ ಅಮ್ಮನಿಗೆ ಅಪ್ಪನ ಟ್ರ್ಯಾಕ್ಟರಿನಲ್ಲಿ ಇನ್ನೂ ಎರಡು ಎಕರೆ ಉಳುವುದಿದೆ.