ಗೋಡೆಗೊಂದು ಸ್ಟೀರಿಂಗ್

ಹೂಂ ಕಣೇ, ಕಾರಿನ ಸ್ಟೀರಿಂಗೇ! ಅಕ್ಕನ ಅಡುಗೆಮನೆ ಗೋಡೇಲಿ! ನಗ್ಬೇಡ, ಪೂರ್ತಿ ಕೇಳು.

ಆ ಗೋಡೇಲಿ ನೀರಿನ ವಾಲ್ವ್ ಇದೆ. ಬೆಳಿಗ್ಗೆ ಅದನ್ನ ತಿರುಗಿಸಿದ್ರೇನೇ ಟ್ಯಾಂಕಿಗೆ ನೀರು. ಹಿಡಿಯೋ, ಬಾಟಲಿ ಮುಚ್ಚಳದಷ್ಟು. ಬಿಗಿಯೋ, ನಮ್ಮ ಭಾವನ ಮುಖದಷ್ಟು. ಗಂಡ ಹೆಂಡತಿ ಮಾತು ಬಿಟ್ಟು ಎಷ್ಟೋ ತಿಂಗಳಾಯ್ತು. (ಸೋಫಾ ಬಣ್ಣದ ವಿಷಯಕ್ಕೆ ಶುರುವಾಗಿದ್ದು. ಸೋಫಾ ಕೊಂಡೇ ಇಲ್ಲ, ಜಗಳ ಮಾತ್ರ ಮನೆಗೆ ಬಂದು ಕೂತಿದೆ.) ಆದ್ರೂ ದಿನಾ ಬೆಳಿಗ್ಗೆ ಅಕ್ಕ ಕೂಗ್ಲೇಬೇಕು: "ರೀ, ವಾಲ್ವ್!" ಭಾವ ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಬರ್ತಾರೆ, "ಹೂಂ" ಅಂತಾರೆ, ತಿರುಗಿಸ್ತಾರೆ, ಹೋಗ್ತಾರೆ. ಅಷ್ಟೇ ಸಂಸಾರ.

ನನಗೆ ಹೊಟ್ಟೆ ಉರೀತು. ಮಾತು ಬಿಟ್ಟವರ ಹತ್ರ ದಿನಾ ಬೇಡೋದಾ, ನನ್ನ ಅಕ್ಕ! ಆಗ ಹೊಳೀತು ನೋಡು, ಮಹಾ ಐಡಿಯಾ! ತಿರುಗಿಸೋ ಚಕ್ರ ದೊಡ್ಡದಾದಷ್ಟೂ ಕೈಗೆ ಶ್ರಮ ಕಡಿಮೆ. (ಫಿಸಿಕ್ಸಲ್ಲಿ ನನ್ನ ತಲೆಗೆ ಹೋಗಿದ್ದು ಇದೊಂದೇ.) ಗುಜರಿ ಅಂಗಡಿಯಿಂದ ಸ್ಟೀರಿಂಗ್ ತಂದೆ, ವೆಲ್ಡಿಂಗ್‌ನವರನ್ನ ಕರ್ಕೊಂಡು ಬಂದೆ, ಕೂರಿಸಿಯೇ ಬಿಟ್ಟೆ.

ಮಾರನೇ ಬೆಳಿಗ್ಗೆ ಉದ್ಘಾಟನೆ. "ಅಕ್ಕಾ, ಕಿರುಬೆರಳು ಸಾಕು!" ತಿರುಗಿಸಿದ್ಳು. ಗಳಗಳ ನೀರು! ನಾನು ಚಪ್ಪಾಳೆ ಹೊಡ್ದೆ. ಒಬ್ಬಳೇ.

ಅಷ್ಟರಲ್ಲಿ ಭಾವ, ಯಾರೂ ಕರೀದೇನೇ, ಟವೆಲ್ ಸಮೇತ ಬಾಗಿಲಿಗೆ ಬಂದ್ರು. ನೀರಿನ ಸದ್ದು ಕೇಳಿ ಹೊಸಿಲ ಮೇಲೇ ನಿಂತ್ರು.

"ಆಯ್ತಾ?" ಅಂದ್ರು, ಗೋಡೆಗೆ.

"ಆಯ್ತು ಅಂತ ಹೇಳೇ ನಿಮ್ಮ ಭಾವನಿಗೆ," ಅಂದ್ಳು ಅಕ್ಕ, ನನಗೆ.

"ಒಳ್ಳೇದಾಯ್ತು ಅಂತ ಹೇಳಮ್ಮ ನಿಮ್ಮ ಅಕ್ಕನಿಗೆ. ಇನ್ನು ನನ್ನಿಂದ ಆಗ್ಬೇಕಾದ್ದು ಏನೂ ಇಲ್ಲ." ಹೊರಟೇ ಹೋದ್ರು.

ಅಕ್ಕ ನನ್ನ ಕಡೆ ತಿರುಗಿದ್ಳು. "ಯಾರೇ ಹೇಳಿದ್ದು ನಿನಗೆ ಇದನ್ನೆಲ್ಲ ಮಾಡೋಕೆ?"

"ಅಯ್ಯೋ, ನಿನ್ನ ಕೈಲಿ ತಿರುಗಲ್ಲ ಅಂತ..."

"ನನ್ನ ಕೈಲಾ?" ಅಂದವಳೇ ಗ್ಯಾಸ್ ಸಿಲಿಂಡರನ್ನ ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಲು. ತುಂಬಿದ ಸಿಲಿಂಡರ್ ಕಣೇ! "ಅವ್ರು ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋದಾಗೆಲ್ಲ ಯಾರು ತಿರುಗಿಸ್ತಿದ್ರು ಅಂದ್ಕೊಂಡೆ? ನಿನ್ನ ಫಿಸಿಕ್ಸ್ ಮೇಷ್ಟ್ರಾ?"

ಅವಳು ಒಲೆ ಒರೆಸಿದ್ಳು. ಒರೆಸಿದ್ದನ್ನೇ ಒರೆಸಿದ್ಳು.

"ಮುಂದಿನ ಭಾನುವಾರ ಬರ್ತೀಯ ತಾನೇ?" ಅಂದ್ಳು ಆಮೇಲೆ, ನನ್ನ ಮುಖ ನೋಡದೆ. "ಇದನ್ನ ಕಿತ್ತು ಹಾಕು. ಬೇರೆ ಹಿಡಿ ತಾ. ಅಂಗಡೀಲಿ ಎಲ್ಲಕ್ಕಿಂತ ಚಿಕ್ಕದು ಯಾವುದಿದ್ಯೋ ಅದು."