ತಿಪಟೂರಿನ ಲಕೋಟೆ ಫಿನ್ಲೆಂಡಿಗೆ ದಂಡೆತ್ತಿ ಹೋದದ್ದು

ಗೋಂದಿನ ಬಟ್ಟಲಲ್ಲಿ ನೆಲೆಸಿ ಲೋಕದ ಲಕೋಟೆಗಳ ಬಾಯಿ ಮುಚ್ಚಿಸುವ ತಾಯೆ, ಈ ಕಥೆ ಮುಗಿಯುವವರೆಗೆ ನನ್ನ ನಗುವನ್ನು ತುಟಿಯ ಒಳಗೇ ಅಂಟಿಸಿಡು. ಹೇಳಹೊರಟಿರುವುದು ಕಲಿಯುಗದ ಮಹಾವೀರನ ಕಥೆ. ಬೆಂಕಿಪೊಟ್ಟಣಚಿತ್ರಸಂಗ್ರಹಧುರಂಧರರೂ ತಿಪಟೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟರೂ ಆದ ಶ್ರೀಕಂಠಾರಾಧ್ಯರ ಆಲ್ಬಮ್ಮಿನಲ್ಲಿ ಹನ್ನೆರಡು ಚಿತ್ರಗಳ ಮಾಲೆಯೊಂದರ ಹನ್ನೊಂದು ಹಕ್ಕಿಗಳಿದ್ದವು. ಹನ್ನೆರಡನೆಯದಾದ ಹಂಸದ ಮನೆ ಒಂಬತ್ತು ವರ್ಷದಿಂದ ಬರಿದಾಗಿತ್ತು. ಬಂದವರೆಲ್ಲ ಹನ್ನೊಂದನ್ನು ಬಿಟ್ಟು ಆ ಬರಿದು ಮನೆಯ ವಿಷಯವನ್ನೇ ಕೇಳುತ್ತಿದ್ದರು, ಮೇಷ್ಟರಿಗೆ ಅದು ಎದೆಯ ಮುಳ್ಳಾಗಿತ್ತು.

ಆ ಹಂಸ ಫಿನ್ಲೆಂಡಿನ ಐನೋ ಎಂಬ ಹೆಂಗಸಿನ ಬಳಿ ಎರಡಿದ್ದವು. ಮೇಷ್ಟರ ಹಳೆಯ ಆನೆಯ ಚಿತ್ರಕ್ಕೆ ಬದಲಾಗಿ ಒಂದನ್ನು ಕೊಡಲು ಆಕೆ ಒಪ್ಪಿದ್ದಳು. ಇಂಥ ವಿನಿಮಯದಲ್ಲಿ ಅವರವರ ಕಾಗದಕ್ಕೆ ಅವರವರೇ ಅಂಚೆಚೀಟಿ ಹಚ್ಚುವುದು ರೂಢಿ. ರೂಢಿಯೆಲ್ಲ ಸಾಮಾನ್ಯರಿಗೆ. ಪರಹಂಗುವಿಮುಖರಾದ ನಮ್ಮ ವೀರರು ಮರುಟಪಾಲಿಗೆಂದು ಸ್ವವಿಳಾಸಾಂಕಿತ ಲಕೋಟೆಯೊಂದನ್ನು ಸಿದ್ಧಪಡಿಸಿ, ಅದರ ಮೇಲೆ ನಮ್ಮ ದೇಶದ ಎಂಟು ಅಂಚೆಚೀಟಿಗಳನ್ನು ಅಕ್ಷೌಹಿಣಿಯಂತೆ ನಿಲ್ಲಿಸಿ, ನಿಮ್ಮ ಕಡೆಯ ಒಂದು ಚೀಟಿಯನ್ನೂ ಹಂಸಕ್ಕೆ ಹಚ್ಚಕೂಡದು, ಇದು ನನ್ನ ಆಣೆ ಎಂದು ಕಾಗದದಲ್ಲಿ ಗರ್ಜಿಸಿ, ಆನೆಯನ್ನೂ ಜೊತೆಗಿಟ್ಟು, ಅಂಚೆ ಕಚೇರಿಗೆ ದಂಡೆತ್ತಿ ನಡೆದರು.

ಕೌಂಟರಿನ ಹಿಂದೆ ಮುದ್ರಾಯುಧಧಾರಿಣಿ ವಿಶಾಲಾಕ್ಷಿ ಕುಳಿತಿದ್ದಳು, ಒಂದು ಕಾಲದಲ್ಲಿ ಮೇಷ್ಟರ ಶಿಷ್ಯೆ. ಮರುಟಪಾಲಿನ ಲಕೋಟೆಯನ್ನು ಮೇಷ್ಟರು ಹೆಮ್ಮೆಯಿಂದ ತೋರಿಸಿದರು.

“ಅಲ್ಲಿಂದ ಬರೋ ಕಾಗದಕ್ಕೆ ಅಲ್ಲೀ ಸ್ಟಾಂಪೇ ಬೇಕು ಮೇಷ್ಟ್ರೇ. ನಮ್ದು ಅಲ್ಲಿ ನಡಿಯಲ್ಲ,” ಅಂದಳು.

ಆರಾಧ್ಯರು ಎದೆ ಸೆಟೆದು ನಿಂತರು. “ಹಿಮಾಚಲದಿಂದ ಸೇತುವಿನವರೆಗೆ ಯಾರೂ ತಡೆಯದ ಚೀಟಿ ಇದು. ಕಡಲು ದಾಟಿದ ಮಾತ್ರಕ್ಕೆ ಇದರ ತೇಜಸ್ಸು ಕುಂದುವುದೇ? ಅದೂ ಒಂದಲ್ಲ, ಎಂಟು. ನಿನಗೆ ಆನೆ ಸೊಂಡಿಲು ಬರೆಯೋದು ಕಲಿಸಿದೋನಿಗೆ ಅಂಚೆ ಕಲಿಸಬೇಡ ಕಣಮ್ಮ.”

ವಿಶಾಲಾಕ್ಷಿ ಎಲ್ಲವನ್ನೂ ಹೊರಲಕೋಟೆಗೆ ಹಾಕಿಸಿ, ತೂಗಿ, ಮುದ್ರೆ ಒತ್ತಿದಳು. ಹಟಕ್ಕೆ ಬಿದ್ದವರ ಮುಂದೆ ಬಾಯಿ ಸವೆಸಬಾರದೆಂದು ಆ ಕೌಂಟರು ಅವಳಿಗೆ ಎಂದೋ ಕಲಿಸಿತ್ತು.

ಏಳು ವಾರ ಮೇಷ್ಟರು ಹಂಸದ ಮನೆಯ ಧೂಳು ಒರೆಸುತ್ತ ಅಂಚೆಯವನ ದಾರಿ ಕಾದರು. ಕಡೆಗೂ ಟಪಾಲು ಬಂತು. ಒಡೆದರೆ ಹಂಸವಿಲ್ಲ; ಎಂಟು ಚೀಟಿಗಳ ಸಮೇತ ಅವರದೇ ಖಾಲಿ ಲಕೋಟೆ. ಈ ಚೀಟಿಗಳನ್ನು ಇಲ್ಲಿನ ಅಂಚೆಯವರು ಒಪ್ಪುವುದಿಲ್ಲ, ಹಂಸಕ್ಕೆ ನನ್ನದನ್ನು ಹಚ್ಚಬಾರದೆಂದು ನಿಮ್ಮ ಆಣೆಯಿದೆ, ಆದ್ದರಿಂದ ಲಕೋಟೆಯನ್ನಷ್ಟೇ ನನ್ನ ಚೀಟಿ ಹಚ್ಚಿ ಹಿಂದಿರುಗಿಸಿದ್ದೇನೆ, ಅಪ್ಪಣೆಯಾದರೆ ಹಂಸ ಸಿದ್ಧವಿದೆ ಎಂದು ಐನೋ ವಿನಯದಿಂದ ಬರೆದಿದ್ದಳು. ಆ ವಿನಯ ಬೈಗುಳಕ್ಕಿಂತ ಆಳಕ್ಕೆ ನಾಟಿತು. ಮೇಷ್ಟರಿಗೆ ನಿಜಕ್ಕೂ ನಾಚಿಕೆಯಾಯಿತು.

ಮಹಾಸಂಗ್ರಾಮದ ಉಳಿದ ಭಾಗ ಅಡುಗೆಮನೆಯಲ್ಲಿ ನಡೆಯಿತು. ರಿಪುಕುಲಭಯಂಕರರಾದ ಆರಾಧ್ಯರು ಇಡ್ಲಿ ಪಾತ್ರೆಯ ಹಬೆಗೆ ಲಕೋಟೆ ಹಿಡಿದು, ಅಕ್ಷೌಹಿಣಿಯನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸಿ, ಹಳೆಯ ಪೇಪರಿನ ಮೇಲೆ ಒಣಹಾಕಿದರು. ದಯವಿಟ್ಟು ನಿಮ್ಮ ಚೀಟಿಯನ್ನೇ ಹಚ್ಚಿ ಎಂದು ಐನೋಗೆ ಒಂದು ಸಾಲಿನ ಕಾಗದ ಬರೆದು, ಚೀಟಿಯಿಲ್ಲದ ಹೊಸ ಲಕೋಟೆಗೆ ಹಾಕಿ, ಸುರುಟಿಕೊಂಡ ಎಂಟನ್ನೂ ಅಂಗೈಯಲ್ಲಿ ಹಿಡಿದು ಕೌಂಟರಿನ ಮುಂದೆ ನಿಂತರು.

ವಿಶಾಲಾಕ್ಷಿ ಲಕೋಟೆಯನ್ನು ನೋಡಿದಳು, ಅಂಗೈಯನ್ನೂ ನೋಡಿದಳು. ನಗಲಿಲ್ಲ.

“ಗೋಂದು ಆ ಕಿಟಕಿ ಹತ್ರ ಇದೆ, ಮೇಷ್ಟ್ರೇ,” ಅಂದಳು.